ಕುಣಿತ ಬೇಡದ ವೇಷ: ಕೈ ಸ್ವಾಧೀನ ಕಡಿಮೆ ಇರುವವರಿಗೆ ಕಂಪ್ಯೂಟರ್ ರೋಲ್‌ಪ್ಲೇಯಿಂಗ್ ಆಟಗಳು

ತಾಳಮದ್ದಳೆಯಲ್ಲಿ ಕುಣಿತವಿಲ್ಲ, ಕಿರೀಟವಿಲ್ಲ, ಬಣ್ಣವಿಲ್ಲ. ಅರ್ಥಧಾರಿ ಕೂತಲ್ಲೇ ಕರ್ಣನಾಗುತ್ತಾನೆ, ಭೀಷ್ಮನಾಗುತ್ತಾನೆ. ಭಾಗವತರ ಪದ ಮುಗಿಯುವವರೆಗೆ ಯೋಚಿಸಲು ಅವನಿಗೆ ಪುರುಸೊತ್ತೂ ಇದೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಂಪ್ಯೂಟರಿನ ರೋಲ್‌ಪ್ಲೇಯಿಂಗ್ ಆಟಗಳಲ್ಲೂ (ಒಂದು ಪಾತ್ರವಾಗಿ ಕಥೆಯೊಳಗೆ ಇಳಿದು ಆಡುವ ಆಟಗಳು) ಹೀಗೇ ಎರಡು ಜಾತಿ. ಒಂದು ಬಯಲಾಟದ್ದು: ಓಡಬೇಕು, ಹಾರಬೇಕು, ರೆಪ್ಪೆ ಮಿಟುಕಿಸುವುದರೊಳಗೆ ಏಟು ತಪ್ಪಿಸಬೇಕು. ಇನ್ನೊಂದು ತಾಳಮದ್ದಳೆಯದ್ದು: ನಿಮ್ಮ ಸರದಿ ಬಂದಾಗ ಆಟವೇ ನಿಂತು ಕಾಯುತ್ತದೆ. ನೀವು ಹತ್ತು ನಿಮಿಷ ತೆಗೆದುಕೊಂಡರೂ ಶತ್ರು ಕತ್ತಿ ಎತ್ತುವುದಿಲ್ಲ.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಈ ಎರಡನೆಯ ಜಾತಿಯ ಆಟ ಬೇಕಾದವರು ಕಡಿಮೆ ಏನಿಲ್ಲ. ಅಡಿಕೆ ಮರದಿಂದಲೋ ತೆಂಗಿನ ಮರದಿಂದಲೋ ಬಿದ್ದು ಬೆನ್ನುಹುರಿಗೆ ಪೆಟ್ಟಾದವರಿದ್ದಾರೆ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯಂಥ ಕಡೆ, ಗೇರುತೋಟಗಳ ಮೇಲೆ 2000ರವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಊರುಗಳಲ್ಲಿ, ಹುಟ್ಟಿನಿಂದಲೇ ಕೈಕಾಲು ಮಾತು ಕೇಳದ ಹುಡುಗ ಹುಡುಗಿಯರಿದ್ದಾರೆ. ಅವರಿಗೆ ಔಷಧಿ, ಪಿಂಚಣಿ, ಗಾಲಿಕುರ್ಚಿಯ ಮಾತು ಆಗುತ್ತದೆ. ಹೊತ್ತು ಹೋಗುವುದರ ಮಾತು ಯಾರೂ ಎತ್ತುವುದಿಲ್ಲ. ಒಂದು ದೊಡ್ಡ ರೋಲ್‌ಪ್ಲೇಯಿಂಗ್ ಆಟ ಎಂದರೆ ನೂರು ಗಂಟೆಯ ಕಥೆ, ಅದರಲ್ಲಿ ನಿರ್ಧಾರ ಎಲ್ಲ ಆಡುವವರದ್ದೇ. ದಿನವಿಡೀ ತನ್ನ ಪರವಾಗಿ ಬೇರೆಯವರು ನಿರ್ಧಾರ ಮಾಡುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ.

ಮೊದಲು ಕೈಯ ಲೆಕ್ಕ

ಸಾಮಾನು ತರಿಸುವ ಮೊದಲು ದೇಹ ಏನು ಮಾಡುತ್ತದೆ ಎಂದು ನೋಡಬೇಕು. ಬಹಳ ಮಂದಿ ಇದನ್ನು ಬಿಟ್ಟು ಮೊದಲು ದುಬಾರಿ ಮೌಸ್ ತರಿಸುತ್ತಾರೆ, ಅದು ಮೂಲೆ ಸೇರುತ್ತದೆ.

ನೋಟ್‌ಪ್ಯಾಡ್ ತೆರೆಯಿರಿ. ಯಾವುದಾದರೂ ಒಂದು ಕೀಯನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಇಪ್ಪತ್ತು ಸಲ ಒತ್ತಿ. ಸ್ಕ್ರೀನಿನಲ್ಲಿ 20 ಅಕ್ಷರ ಇದ್ದರೆ ಆ ಬೆರಳು ಕೆಲಸಕ್ಕೆ ಬರುತ್ತದೆ. ಅಲ್ಲಲ್ಲಿ ಅಕ್ಷರ ಜೋಡಿಯಾಗಿ ಬಿದ್ದು 26, 27 ಆಗಿದ್ದರೆ ಅದು ನಡುಕ: ಬೆರಳು ಒಂದು ಸಲ ಇಳಿಯುವಾಗ ಎರಡು ಸಲ ತಾಗುತ್ತಿದೆ. ಒಂದೇ ಒತ್ತಿಗೆ ಉದ್ದ ಸಾಲು ಬಿದ್ದರೆ ನಡುಕವಲ್ಲ, ಬೆರಳು ಮೇಲೆ ಏಳುವುದು ತಡವಾಗುತ್ತಿದೆ. 20ಕ್ಕಿಂತ ಕಡಿಮೆ ಇದ್ದರೆ ಬಲ ಸಾಲದು. ಮೂರಕ್ಕೂ ಮದ್ದು ಬೇರೆ ಬೇರೆ, ಹಾಗಾಗಿ ಬೆರೆಸಬೇಡಿ. ಇದೇ ಪರೀಕ್ಷೆಯನ್ನು ಮೊಣಕೈ, ಮೊಣಕಾಲು, ಹೆಬ್ಬೆಟ್ಟು, ತಲೆಯ ಪಕ್ಕ, ಪಾದ ಎಲ್ಲದಕ್ಕೂ ಮಾಡಬಹುದು. ಕೀಬೋರ್ಡನ್ನು ಅಲ್ಲಿ ಹಿಡಿಯಲು ಒಬ್ಬರು ಬೇಕು ಅಷ್ಟೆ. ಆಮೇಲೆ ನಲವತ್ತು ನಿಮಿಷ ಬಿಟ್ಟು ಇನ್ನೊಂದು ಸಲ ಮಾಡಿ. ಬೆಳಿಗ್ಗೆ ಚೆನ್ನಾಗಿ ಒತ್ತುವ ಬೆರಳು ಸಂಜೆಗೆ ಸೋಲುತ್ತದೆ, ಆಟ ನಡೆಯುವುದು ಸಂಜೆ.

ಬೆನ್ನುಹುರಿಯ ಪೆಟ್ಟಾದರೆ ಅದರ ಮಟ್ಟ, ಎಂದರೆ ಬೆನ್ನುಮೂಳೆಯ ಯಾವ ಎತ್ತರದಲ್ಲಿ ಪೆಟ್ಟು ಎಂಬುದು, ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಎದೆಯ ಮಟ್ಟಕ್ಕಿಂತ ಕೆಳಗಿನ ಪೆಟ್ಟಿನಲ್ಲಿ ಕೈಗಳು ಪೂರ್ತಿ ಇರುತ್ತವೆ, ತೊಂದರೆ ಕೂರುವ ಸಮತೋಲನದ್ದು. ಮೊಣಕೈಗೆ ಆಧಾರ ಸಿಕ್ಕಿದರೆ ಯಾವ ಆಟವೂ ಆದೀತು. ಕುತ್ತಿಗೆಯ ಸಿ6 ಮಟ್ಟದಲ್ಲಿ ಮಣಿಕಟ್ಟನ್ನು ಮೇಲಕ್ಕೆ ಎತ್ತಲು ಬರುತ್ತದೆ, ಬೆರಳು ತಾನಾಗಿ ಹಿಡಿಯುವುದಿಲ್ಲ. ಇವರಿಗೆ ಮೌಸ್ ಹಿಡಿಯುವುದು ಕಷ್ಟ, ಟ್ರ್ಯಾಕ್‌ಬಾಲ್ ಸುಲಭ: ಅಂಗೈಯ ಅಂಚಿನಿಂದ ಚೆಂಡು ಉರುಳಿಸಿದರೆ ಸಾಕು. ಸಿ5 ಮಟ್ಟದಲ್ಲಿ ಮೊಣಕೈ ಮಡಚುತ್ತದೆ, ಮಣಿಕಟ್ಟು ಇಲ್ಲ. ದೊಡ್ಡ ಚೆಂಡಿನ ಟ್ರ್ಯಾಕ್‌ಬಾಲ್, ಕ್ಲಿಕ್‌ಗೆ ಬೇರೆ ಸ್ವಿಚ್. ಅದಕ್ಕೂ ಮೇಲಾದರೆ ತಲೆ, ಬಾಯಿ, ಕಣ್ಣು, ಧ್ವನಿ.

ಯಾವ ಆಟ

ಆಟ ಆರಿಸುವಾಗ ಚಂದ, ಹೆಸರು ಎಲ್ಲ ಆಮೇಲೆ. ನಾಲ್ಕು ಪ್ರಶ್ನೆ ಕೇಳಿ: ಆಟ ಕಾಯುತ್ತದಾ? ಎರಡು ಕೀ ಒಟ್ಟಿಗೆ ಒತ್ತಬೇಕಾ? ಏನನ್ನಾದರೂ ಒತ್ತಿ ಹಿಡಿದಿರಬೇಕಾ? ಬೇಕೆಂದಾಗ ಸೇವ್ ಆಗುತ್ತದಾ? ಇವುಗಳಲ್ಲಿ ಜನರನ್ನು ಹೆಚ್ಚಾಗಿ ಸೋಲಿಸುವುದು ಮೂರನೆಯದು. ಕೈ ಸೋಲುವುದು ಒತ್ತುವುದರಿಂದಲ್ಲ, ಒತ್ತಿ ಹಿಡಿಯುವುದರಿಂದ.

ಹಳೆ ಲ್ಯಾಪ್‌ಟಾಪ್ ಒಂದೇ ಇದ್ದರೆ ಡಂಜನ್ ಕ್ರಾಲ್ ಸ್ಟೋನ್ ಸೂಪ್‌ನಿಂದ ಶುರು ಮಾಡಿ. ದುಡ್ಡು ಕೊಡಬೇಕಿಲ್ಲ, ಬ್ರೌಸರಿನಲ್ಲೂ ಆಡಬಹುದು. ಪೂರ್ತಿ ಸರದಿಯ ಆಟ. ನೀವು ಕೀ ಒತ್ತದಿದ್ದರೆ ಆ ಲೋಕದಲ್ಲಿ ಎಲೆಯೂ ಅಲ್ಲಾಡುವುದಿಲ್ಲ. ಇಂಗ್ಲಿಷಿನ ‘ಓ’ ಅಕ್ಷರ ಒತ್ತಿದರೆ ನಿಮ್ಮ ಪಾತ್ರ ತಾನಾಗಿ ಗುಹೆ ಸುತ್ತುತ್ತದೆ, ಏನಾದರೂ ಕಂಡ ಕೂಡಲೇ ನಿಲ್ಲುತ್ತದೆ. ಟ್ಯಾಬ್ ಒತ್ತಿದರೆ ಹತ್ತಿರದ ಶತ್ರುವಿನ ಮೇಲೆ ಬೀಳುತ್ತದೆ. ಈ ಎರಡೇ ಕೀಗಳಲ್ಲಿ ಬಹಳ ದೂರ ಹೋಗಬಹುದು. ಆದರೆ ಸತ್ತರೆ ಮೊದಲಿಂದ ಶುರು, ಮತ್ತು ಟ್ಯಾಬನ್ನು ಕಣ್ಣು ಮುಚ್ಚಿ ಒತ್ತಿದವರು ಬೇಗ ಸಾಯುತ್ತಾರೆ. ಉದ್ದ ಕಥೆಯೂ ಇದರಲ್ಲಿಲ್ಲ. ಸ್ವಿಚ್ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಆಟ ಇಲ್ಲ ಎಂಬುದು ನಮ್ಮ ಅಭಿಪ್ರಾಯ.

ಕಥೆ ಬೇಕೆಂದರೆ 2019ರ ಡಿಸ್ಕೋ ಎಲಿಸಿಯಂ. ಯುದ್ಧವೇ ಇಲ್ಲ, ಇದು ನಿಜಕ್ಕೂ ಕಂಪ್ಯೂಟರಿನ ತಾಳಮದ್ದಳೆ. ನೆಲಕ್ಕೆ ಒಂದು ಕ್ಲಿಕ್ ಮಾಡಿದರೆ ನಾಯಕ ನಡೆಯುತ್ತಾನೆ, ಎರಡು ಕ್ಲಿಕ್ ಮಾಡಿದರೆ ಓಡುತ್ತಾನೆ. ಎರಡು ಕ್ಲಿಕ್ ಬಾರದವರು ನಡೆದೇ ಹೋಗಲಿ, ನಷ್ಟವಿಲ್ಲ. ಮಾತಿನ ಆಯ್ಕೆಗಳನ್ನು ಅಂಕಿಯ ಕೀಗಳಿಂದಲೂ ಆರಿಸಬಹುದು. ಸುತ್ತ ಏನೇನು ಮುಟ್ಟಬಹುದು ಎಂದು ನೋಡಲು ಟ್ಯಾಬ್ ಹಿಡಿಯಬೇಕು, ಕಷ್ಟ ಇರುವುದು ಅಲ್ಲೊಂದೇ. ಓದುವುದು ಮಾತ್ರ ಬೆಟ್ಟದಷ್ಟಿದೆ, ಅದೂ ಕಠಿಣ ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೊಬೈಲಿನ ಗೂಗಲ್ ಲೆನ್ಸ್ ಸ್ಕ್ರೀನನ್ನು ನೋಡಿ ಕನ್ನಡ ಮಾಡಿ ಕೊಡುತ್ತದೆ. ಮೊಬೈಲನ್ನು ಸ್ಟ್ಯಾಂಡಿನಲ್ಲಿ ಸಿಕ್ಕಿಸಿ ಸ್ಕ್ರೀನಿನ ಕೆಳಭಾಗಕ್ಕೆ ತಿರುಗಿಸಿಡಿ. ಕಥೆಯ ಒಳಗಿನ ಹೆಸರುಗಳನ್ನೂ ಪದಗಳನ್ನೂ ಅದು ವಿಚಿತ್ರವಾಗಿ ತಿರುಗಿಸುತ್ತದೆ, ಆದರೂ ಯಾರು ಯಾರಿಗೆ ಏನು ಹೇಳಿದರು ಎಂಬುದು ಗೊತ್ತಾಗುತ್ತದೆ.

ಬಾಲ್ಡರ್ಸ್ ಗೇಟ್‌ನ ಹಳೆಯ ಆಟ 1998ರದ್ದು, 2012ರಲ್ಲಿ ಅದರ ಎನ್‌ಹ್ಯಾನ್ಸ್ಡ್ ಎಡಿಷನ್ ಬಂತು. ಸಾಧಾರಣ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ಇದು ಸರದಿಯದ್ದಲ್ಲ, ನೇರ ಓಡುವ ಆಟ. ಆದರೆ ಸ್ಪೇಸ್ ಒತ್ತಿದರೆ ನಿಲ್ಲುತ್ತದೆ, ನಿಂತಾಗಲೇ ಅಪ್ಪಣೆ ಕೊಡಬಹುದು. ಜೀವ ಇರುವುದು ಅದರ ಆಟೋ ಪಾಜ್ (ಆಟ ತಾನಾಗಿ ನಿಲ್ಲುವ) ಪಟ್ಟಿಯಲ್ಲಿ. ಗೇಮ್‌ಪ್ಲೇ ಆಯ್ಕೆಗಳೊಳಗೆ ಹೋಗಿ ‘ಶತ್ರು ಕಂಡಾಗ’, ‘ಸುತ್ತು ಮುಗಿದಾಗ’, ‘ಗುರಿ ಇಲ್ಲವಾದಾಗ’, ‘ಗಾಯವಾದಾಗ’, ‘ಬಲೆ ಸಿಕ್ಕಿದಾಗ’ ಎಂಬ ಐದನ್ನು ಹಾಕಿ. ಒಂದು ಸುತ್ತು 6 ಸೆಕೆಂಡ್. ಸುತ್ತು ಮುಗಿದಾಗೆಲ್ಲ ಆಟ ತಾನಾಗಿ ನಿಂತರೆ ಓಡುವ ಆಟವೇ ಸರದಿಯ ಆಟವಾಯಿತು. ಪಟ್ಟಿಯಲ್ಲಿರುವುದನ್ನೆಲ್ಲ ಹಾಕಿದರೆ ಪ್ರತಿ ಏಟಿಗೂ ನಿಂತು ನಿಂತು ಸ್ಪೇಸ್ ಒತ್ತಿಯೇ ಕೈ ಸೋಲುತ್ತದೆ, ಅದಕ್ಕೇ ಐದು ಎಂದದ್ದು. ಪಿಲ್ಲರ್ಸ್ ಆಫ್ ಎಟರ್ನಿಟಿಯಲ್ಲೂ ಆಟೋ ಪಾಜ್ ಇದೆ; ಅದರ ಎರಡನೇ ಭಾಗ ಡೆಡ್‌ಫೈರ್‌ಗೆ 2019ರಲ್ಲಿ ಪೂರ್ತಿ ಸರದಿಯ ಕ್ರಮವೇ ಸೇರಿತು.

ಬಾಲ್ಡರ್ಸ್ ಗೇಟ್ 3ರ ಬಗ್ಗೆ ಎಲ್ಲರೂ ಕೇಳುತ್ತಾರೆ. 2023ರ ಆಟ, ಯುದ್ಧವೆಲ್ಲ ಸರದಿಯದ್ದು. ಯುದ್ಧದ ಹೊರಗೂ ಶಿಫ್ಟ್ ಮತ್ತು ಸ್ಪೇಸ್ ಒತ್ತಿದರೆ ಸರದಿಯ ಕ್ರಮಕ್ಕೆ ಬರುತ್ತದೆ. ಬೆಂಕಿ ಹತ್ತಿದ ಕೋಣೆಯಿಂದ ತಪ್ಪಿಸಿಕೊಳ್ಳುವಾಗ ಇದೇ ಗತಿ. ಶತ್ರುವಿನ ಸರದಿಯಲ್ಲಿ ನಿಮ್ಮ ಪ್ರತಿಕ್ರಿಯೆ ಕೇಳುವಾಗಲೂ ಆಟ ಕಾಯುತ್ತದೆ. ಬಿದ್ದಿರುವ ಸಾಮಾನಿನ ಹೆಸರು ತೋರಿಸಲು ಆಲ್ಟ್ ಹಿಡಿಯಬೇಕು, ಕ್ಯಾಮರಾ ತಿರುಗಿಸಲು ಮೌಸಿನ ನಡುವಿನ ಚಕ್ರ ಒತ್ತಿ ಎಳೆಯಬೇಕು. ಎರಡನೆಯದನ್ನು ಸೆಟ್ಟಿಂಗ್‌ನಲ್ಲಿ ಎಡ ಬಲ ತಿರುಗುವ ಎರಡು ಕೀಗಳಿಗೆ ಹಾಕಿಕೊಳ್ಳಿ, ಮೊದಲನೆಯದಕ್ಕೆ ದಾರಿ ಕೆಳಗೆ ಹೇಳುತ್ತೇವೆ. ಆದರೆ ಇದು ಭಾರದ ಆಟ: 150 ಜಿಬಿ ಜಾಗ, ಅದೂ ಎಸ್‌ಎಸ್‌ಡಿಯಲ್ಲಿ, ಜೊತೆಗೆ ಬೇರೆಯೇ ಗ್ರಾಫಿಕ್ಸ್ ಕಾರ್ಡ್ ಬೇಕು.

1997ರ ಮೊದಲ ಫಾಲ್‌ಔಟ್ ಸರದಿಯ ಆಟವೇ. ಹಗುರ ಇದೆ, ಕಥೆ ಗಟ್ಟಿ ಇದೆ ಎಂದು ತರಿಸಿದವರು ಒಂದು ಕಡೆ ಸಿಕ್ಕಿ ಬೀಳುತ್ತಾರೆ: ಒಂದು ವಸ್ತುವಿನ ಮೇಲೆ ಏನು ಮಾಡಬೇಕು ಎಂದು ಆರಿಸಲು ಎಡ ಬಟನ್ ಹಿಡಿದುಕೊಂಡೇ ಕೆಳಕ್ಕೆ ಎಳೆದು ಚಿತ್ರದ ಮೇಲೆ ಬಿಡಬೇಕು. ಚೀಲದ ಸಾಮಾನೂ ಎಳೆದೇ ಹಾಕಬೇಕು. ಕ್ಲಿಕ್‌ಲಾಕ್ (ಬಟನನ್ನು ಒತ್ತಿದಂತೆಯೇ ಹಿಡಿದಿಡುವ ವಿಂಡೋಸ್ ಸೌಲಭ್ಯ, ಕೆಳಗೆ ಹೇಳುತ್ತೇವೆ) ಇಲ್ಲದೆ ಇದಕ್ಕೆ ಇಳಿಯಬೇಡಿ.

ಹೆಸರಿಗೆ ಸರದಿಯ ಆಟ, ಒಳಗೆ ಬೇರೆ ಎಂಬುದೂ ಇದೆ. 2025ರ ಕ್ಲೇರ್ ಒಬ್‌ಸ್ಕೂರ್ ಎಕ್ಸ್‌ಪೆಡಿಷನ್ 33ರಲ್ಲಿ ನಿಮ್ಮ ಸರದಿಗೆ ಆಟ ಕಾಯುತ್ತದೆ, ಆದರೆ ಶತ್ರು ಹೊಡೆಯುವಾಗ ಸರಿಯಾದ ಕ್ಷಣಕ್ಕೆ ಬಟನ್ ಒತ್ತಿ ತಪ್ಪಿಸಿಕೊಳ್ಳಬೇಕು. ನಿಮ್ಮ ದಾಳಿಯ ಹೊತ್ತಿನ ಬಟನ್‌ಗಳನ್ನು ಆಟವೇ ಒತ್ತುವಂತೆ ಸೆಟ್ಟಿಂಗ್ ಇದೆ. ತಪ್ಪಿಸಿಕೊಳ್ಳುವುದು ನಿಮ್ಮ ತಲೆಗೇ. ಸ್ಕೈರಿಮ್ ಇದಕ್ಕೆ ತದ್ವಿರುದ್ಧ. ನೋಡಲು ಪೂರ್ತಿ ಬಯಲಾಟ, ಆದರೆ ‘ಸಿ’ ಒತ್ತಿದರೆ ತಾನಾಗಿ ನಡೆಯುತ್ತದೆ, ಯಾವ ಮೆನು ತೆರೆದರೂ ಕಾಲ ನಿಲ್ಲುತ್ತದೆ. ಬಿಲ್ಲು ಮತ್ತು ಜೊತೆಗಾರರನ್ನು ನೆಚ್ಚಿ ನಿಧಾನವಾಗಿ ಆಡುವವರಿದ್ದಾರೆ. ಫಾಲ್‌ಔಟ್ 3ರಲ್ಲಿ ವ್ಯಾಟ್ಸ್ ಎಂಬ ಗುರಿ ಹಿಡಿಯುವ ಕೀ ಒತ್ತಿದರೆ ಗುರಿ ಆರಿಸುವವರೆಗೆ ಲೋಕ ಪೂರ್ತಿ ನಿಲ್ಲುತ್ತದೆ, ಫಾಲ್‌ಔಟ್ 4ರಲ್ಲಿ ಬರೀ ನಿಧಾನವಾಗುತ್ತದೆ. ಒಂದೇ ಸರಣಿಯಲ್ಲೂ ಹೀಗೆ ವ್ಯತ್ಯಾಸ ಇರುವುದರಿಂದ ಹಿಂದಿನ ಭಾಗ ಆಡಲು ಬಂತು ಎಂದು ಮುಂದಿನದ್ದನ್ನು ಕೊಂಡುಬಿಡಬೇಡಿ.

ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ದುಡ್ಡು ವಾಪಸ್ ಸಿಗುತ್ತದೆ. ಆ ಎರಡು ಗಂಟೆಯಲ್ಲಿ ಕಥೆಯ ರುಚಿ ನೋಡುತ್ತಾ ಕೂರಬೇಡಿ. ಪಾತ್ರ ಕಟ್ಟುವುದನ್ನು ಐದು ನಿಮಿಷದಲ್ಲಿ ಮುಗಿಸಿ, ಕೀ ಬದಲಿಸುವ ಪುಟ ನೋಡಿ, ಮೊದಲ ಯುದ್ಧ ಆಡಿ, ಸೇವ್ ಮಾಡಿ. ಪಾತ್ರದ ಮುಖ ತಿದ್ದುವುದರಲ್ಲೇ ಒಂದು ಗಂಟೆ ಹೋಗಿಬಿಡುತ್ತದೆ.

ವಿಂಡೋಸ್‌ನೊಳಗೇ ಇರುವುದು

ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಯಲ್ಲಿ ಕೀಬೋರ್ಡ್ ಪುಟಕ್ಕೆ ಹೋಗಿ. ಸ್ಟಿಕಿ ಕೀಸ್ ಹಾಕಿದರೆ ಶಿಫ್ಟ್, ಕಂಟ್ರೋಲ್, ಆಲ್ಟ್ ಕೀಗಳನ್ನು ಒಮ್ಮೆ ಒತ್ತಿ ಬಿಟ್ಟು, ಆಮೇಲೆ ಎರಡನೇ ಕೀ ಒತ್ತಬಹುದು. ಎರಡು ಸಲ ಒತ್ತಿದರೆ ಅದು ಹಿಡಿದಂತೆಯೇ ಉಳಿಯುತ್ತದೆ, ಮೂರನೇ ಸಲಕ್ಕೆ ಬಿಡುತ್ತದೆ. ಆಲ್ಟ್ ಹಿಡಿಯುವ ಸಮಸ್ಯೆಗೆ ಇದೇ ಮೊದಲ ಮದ್ದು. ಅದೇ ಪುಟದಲ್ಲಿ ‘ಎರಡು ಕೀ ಒಟ್ಟಿಗೆ ಒತ್ತಿದರೆ ಸ್ಟಿಕಿ ಕೀಸ್ ನಿಲ್ಲಿಸು’ ಎಂಬ ಒಂದು ಆಯ್ಕೆ ಇರುತ್ತದೆ, ಅದನ್ನು ತೆಗೆದುಬಿಡಿ. ತೆಗೆಯದಿದ್ದರೆ ಮನೆಯವರು ಪಾಸ್‌ವರ್ಡ್ ಹಾಕಲು ಬಂದು ಶಿಫ್ಟ್ ಹಿಡಿದು ಒಂದಕ್ಷರ ಒತ್ತಿದ ಕೂಡಲೇ ಎಲ್ಲ ಬಂದ್. ಆಡುವವರು ತನ್ನ ಕೈಯೇ ಕೆಟ್ಟಿತೆಂದು ಹೆದರುತ್ತಾರೆ.

ಜೋಡಿ ಅಕ್ಷರ ಬೀಳುವ ನಡುಕದವರಿಗೆ ಫಿಲ್ಟರ್ ಕೀಸ್. ಅದರಲ್ಲಿ ‘ಮತ್ತೆ ಮತ್ತೆ ಬೀಳುವ ಒತ್ತನ್ನು ಬಿಟ್ಟುಬಿಡು’ ಎಂಬುದನ್ನು ಮಾತ್ರ ಹಾಕಿ, ಅರ್ಧ ಸೆಕೆಂಡಿನಿಂದ ಶುರು ಮಾಡಿ. ‘ನಿಧಾನ ಒತ್ತು’ ಎಂಬುದನ್ನು ಹಾಕಿದರೆ ಪ್ರತಿ ಕೀಯನ್ನೂ ಹಿಡಿದೇ ಇರಬೇಕಾಗುತ್ತದೆ, ಬಲ ಇಲ್ಲದವರಿಗೆ ಅದು ಇನ್ನೂ ಕಷ್ಟ. ಉದ್ದ ಸಾಲು ಬೀಳುವವರಿಗೆ ಬೇಕಾದದ್ದು ಬೇರೆ: ಕೀ ತಾನಾಗಿ ಮರುಕಳಿಸಲು ಶುರುವಾಗುವ ಸಮಯವನ್ನು ಉದ್ದ ಮಾಡಿ.

ಕ್ಲಿಕ್‌ಲಾಕ್ ಇರುವುದು ಹಳೆಯ ಕಂಟ್ರೋಲ್ ಪ್ಯಾನಲ್‌ನ ಮೌಸ್ ವಿಭಾಗದಲ್ಲಿ, ಬಟನ್ಸ್ ಎಂಬ ಪುಟದಲ್ಲಿ. ಎಡ ಬಟನನ್ನು ಸ್ವಲ್ಪ ಹೊತ್ತು ಒತ್ತಿ ಬಿಟ್ಟರೆ ಒತ್ತಿದಂತೆಯೇ ಉಳಿಯುತ್ತದೆ, ಮತ್ತೊಂದು ಕ್ಲಿಕ್ಕಿಗೆ ಬಿಡುತ್ತದೆ. ಎಷ್ಟು ಹೊತ್ತು ಎಂಬುದನ್ನು ಪಕ್ಕದ ಸೆಟ್ಟಿಂಗ್‌ನಲ್ಲಿ ಕಡಿಮೆ ಮಾಡಿಕೊಳ್ಳಿ.

ಮೌಸೇ ಬೇಡ ಎನ್ನುವವರಿಗೆ ಮೌಸ್ ಕೀಸ್ ಇದೆ. ಎಡ ಆಲ್ಟ್, ಎಡ ಶಿಫ್ಟ್, ನಮ್ ಲಾಕ್ ಮೂರನ್ನೂ ಒತ್ತಿದರೆ ಬಲಗಡೆಯ ಅಂಕಿಗಳೇ ಮೌಸ್ ಆಗುತ್ತವೆ. 8, 2, 4, 6 ನಾಲ್ಕು ದಿಕ್ಕು, 7, 9, 1, 3 ಮೂಲೆಗಳು, 5 ಕ್ಲಿಕ್, ಕೂಡಿಸುವ ಚಿಹ್ನೆ ಎರಡು ಕ್ಲಿಕ್, 0 ಒತ್ತಿದರೆ ಬಟನ್ ಹಿಡಿದುಕೊಳ್ಳುತ್ತದೆ, ಚುಕ್ಕೆ ಒತ್ತಿದರೆ ಬಿಡುತ್ತದೆ. ಕಳೆಯುವ ಚಿಹ್ನೆ ಒತ್ತಿ 5 ಒತ್ತಿದರೆ ಬಲ ಕ್ಲಿಕ್, ಭಾಗಾಕಾರದ ಗೀಟು ಒತ್ತಿದರೆ ಮತ್ತೆ ಎಡ. ಯುಎಸ್‌ಬಿಯ ಬರೀ ಅಂಕಿಪ್ಯಾಡ್ ಬೇರೆಯಾಗಿ ಸಿಗುತ್ತದೆ. ಅದೊಂದನ್ನು ತೊಡೆಯ ಮೇಲೋ ಹಾಸಿಗೆಯ ಪಕ್ಕವೋ ಕಟ್ಟಿಟ್ಟರೆ ಹಳೆಯ ಬಾಲ್ಡರ್ಸ್ ಗೇಟನ್ನು ಒಂದು ಹೆಬ್ಬೆಟ್ಟಿನಿಂದ ಆಡಬಹುದು. ನಿಧಾನ, ಹೌದು. ಆಟ ನಿಂತಿದೆಯಲ್ಲ.

ಕೆಲವು ಆಟಗಳು ವಿಂಡೋಸ್‌ನ ಈ ಸಹಾಯವನ್ನು ಬದಿಗೆ ಸರಿಸಿ ಕೀಬೋರ್ಡನ್ನು ನೇರ ಓದುತ್ತವೆ. ಆಗ ನೋಟ್‌ಪ್ಯಾಡಿನಲ್ಲಿ ಸರಿ ಇರುವ ಸ್ಟಿಕಿ ಕೀಸ್ ಆಟದೊಳಗೆ ಸತ್ತಂತೆ ಕಾಣುತ್ತದೆ. ಅಲ್ಲಿಗೆ ಆಟೋಹಾಟ್‌ಕೀ ಎಂಬ ಉಚಿತ ತಂತ್ರಾಂಶ. ನಾಲ್ಕು ಸಾಲಿನ ಒಂದು ಸ್ಕ್ರಿಪ್ಟ್ ಬರೆದರೆ ಎಫ್6 ಒಮ್ಮೆ ಒತ್ತಿದಾಗ ಆಲ್ಟ್ ಕೆಳಗಿಳಿದು ಉಳಿಯುತ್ತದೆ, ಇನ್ನೊಮ್ಮೆ ಒತ್ತಿದಾಗ ಮೇಲೇಳುತ್ತದೆ. ತಪ್ಪುವುದು ಎರಡು ಕಡೆ. ಆಟವನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿದ್ದರೆ ಸ್ಕ್ರಿಪ್ಟನ್ನೂ ಹಾಗೇ ತೆರೆಯಬೇಕು, ಇಲ್ಲದಿದ್ದರೆ ತಟ್ಟುವುದಿಲ್ಲ. ಆಲ್ಟ್ ಕೆಳಗಿರುವಾಗಲೇ ಆಟ ಮುಚ್ಚಿದರೆ ಡೆಸ್ಕ್‌ಟಾಪಿನಲ್ಲಿ ಎಲ್ಲ ಕೀಗಳೂ ಹುಚ್ಚಾದಂತೆ ವರ್ತಿಸುತ್ತವೆ. ನಿಜವಾದ ಆಲ್ಟ್ ಕೀಯನ್ನು ಒಮ್ಮೆ ಒತ್ತಿ ಬಿಟ್ಟರೆ ಸರಿಯಾಗುತ್ತದೆ. ಆನ್‌ಲೈನ್ ಪಂದ್ಯದ ಆಟಗಳಲ್ಲಿ ಮಾತ್ರ ಇದನ್ನು ಬಳಸಬೇಡಿ, ಮೋಸ ಎಂದು ಖಾತೆ ಮುಚ್ಚುವುದುಂಟು.

ಸ್ವಿಚ್ ಕಟ್ಟುವುದು

ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ 2018ರಲ್ಲಿ ಬಂತು. ಎರಡು ದೊಡ್ಡ ಬಟನ್, ಹಿಂದೆ ಸಾಲಾಗಿ 3.5 ಮಿಲಿಮೀಟರಿನ ತೂತುಗಳು, ಪ್ರತಿ ತೂತಿಗೆ ಒಂದೊಂದು ಸ್ವಿಚ್. ವಿಂಡೋಸ್‌ನಲ್ಲೂ ನಡೆಯುತ್ತದೆ, ಒಳ್ಳೆಯ ವಸ್ತು. ಆದರೆ ಕೀ ಒತ್ತುವಷ್ಟೇ ಕೆಲಸವಾದರೆ ಮನೆಯಲ್ಲೇ ಕಟ್ಟಬಹುದು.

ಬೇಕಾದದ್ದು ಆರ್ಡುಯಿನೊ ಲಿಯೊನಾರ್ಡೊ ಅಥವಾ ಪ್ರೊ ಮೈಕ್ರೊ ಬೋರ್ಡ್ (ಪ್ರೋಗ್ರಾಮ್ ಹಾಕಬಹುದಾದ ಸಣ್ಣ ಸರ್ಕ್ಯೂಟ್), ಯುಎಸ್‌ಬಿ ಕೇಬಲ್, ಲಿವರ್ ಇರುವ ಮೈಕ್ರೋಸ್ವಿಚ್ ಆರು, ಎರಡೆಳೆಯ ತೆಳು ವಯರ್. ಅಂಗಡಿಯವರು ‘ಎಲ್ಲ ಒಂದೇ’ ಎಂದು ಊನೊ ಬೋರ್ಡ್ ಕೊಟ್ಟರೆ ತೆಗೆದುಕೊಳ್ಳಬೇಡಿ. ಮಾಮೂಲಿ ಊನೊ (ಆರ್3) ತಾನಾಗಿ ಯುಎಸ್‌ಬಿ ಕೀಬೋರ್ಡ್ ಆಗುವುದಿಲ್ಲ, ಲಿಯೊನಾರ್ಡೊ ಆಗುತ್ತದೆ. ಮೈಕ್ರೋಸ್ವಿಚ್‌ಗೆ ಮೂರು ಕಾಲುಗಳಿರುತ್ತವೆ: ಕಾಮನ್, ನಾರ್ಮಲಿ ಓಪನ್, ನಾರ್ಮಲಿ ಕ್ಲೋಸ್ಡ್. ಕಾಮನ್‌ನಿಂದ ಒಂದು ವಯರ್ ಬೋರ್ಡಿನ ಗ್ರೌಂಡಿಗೆ, ನಾರ್ಮಲಿ ಓಪನ್‌ನಿಂದ ಇನ್ನೊಂದು ಯಾವುದಾದರೂ ಅಂಕಿಯ ಪಿನ್‌ಗೆ. ತಪ್ಪಿ ಮೂರನೇ ಕಾಲಿಗೆ ಹಾಕಿದರೆ ಸ್ವಿಚ್ ಮುಟ್ಟದಿದ್ದಾಗಲೇ ಒತ್ತಿದಂತಾಗಿ ಸ್ಕ್ರೀನಿನಲ್ಲಿ ಅಕ್ಷರ ಹರಿಯುತ್ತಲೇ ಇರುತ್ತದೆ. ಪ್ರೋಗ್ರಾಮಿನಲ್ಲಿ ಪಿನ್‌ಗೆ ಒಳಗಿನ ಪುಲ್‌ಅಪ್ (ಒತ್ತದಿದ್ದಾಗ ಪಿನ್ನನ್ನು ಒಂದೇ ಸ್ಥಿತಿಯಲ್ಲಿ ಹಿಡಿದಿಡುವುದು) ಹಾಕಿ. ಇಲ್ಲದಿದ್ದರೆ ವಯರ್ ಹತ್ತಿರ ಕೈ ಬಂದರೂ ಸಾಕು, ತಾನಾಗಿ ಒತ್ತುತ್ತದೆ. ಒತ್ತಿನ ಚಡಪಡಿಕೆ ತಡೆಯಲು ಪ್ರೋಗ್ರಾಮ್ ಸಾಮಾನ್ಯವಾಗಿ 20 ಮಿಲಿಸೆಕೆಂಡ್ ಕಾದರೆ ಸಾಕು. ನಡುಕ ಇರುವವರಿಗೆ 150ರಿಂದ 200ಕ್ಕೆ ಏರಿಸಿ.

ಲಿವರ್ ಉದ್ದ ಇದ್ದಷ್ಟು ಬಲ ಕಡಿಮೆ ಸಾಕು. ತುದಿಗೆ ಸೋಡಾ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳ ಅಂಟಿಸಿ, ಅದರ ಮೇಲೆ ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯಿಂದ ಕತ್ತರಿಸಿದ ತುಂಡು. ಕಾಲಿಂಗ್ ಬೆಲ್ಲಿನ ಸ್ವಿಚ್ಚೂ ಕೆಲಸ ಮಾಡುತ್ತದೆ, ಬದಿಯಡ್ಕದ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ, ಆದರೆ ಒತ್ತಲು ಗಟ್ಟಿ. ಜಾಗ ಗುರುತಿಸಲು ಅದನ್ನು ಇಟ್ಟು ನೋಡಿ, ದಿನವೂ ಆಡಲು ಬೇಡ. ಗೋಡೆಯ ಕರೆಂಟಿಗೆ ಸೇರಿದ ಸ್ವಿಚ್ಚನ್ನಂತೂ ಈ ಕೆಲಸಕ್ಕೆ ಮುಟ್ಟಲೇಬೇಡಿ.

ಆರು ಸ್ವಿಚ್‌ಗೆ ಆರು ಕೆಲಸ: ಎಡ ಕ್ಲಿಕ್, ಬಲ ಕ್ಲಿಕ್, ಸ್ಪೇಸ್, ಆಲ್ಟ್ ಹಿಡಿ ಬಿಡು, ಎಸ್ಕೇಪ್, ಕ್ವಿಕ್ ಸೇವ್. ಎಡ ಕ್ಲಿಕ್ಕನ್ನು ಅತ್ಯಂತ ನಂಬಿಕೆಯ ಅಂಗಕ್ಕೆ ಕೊಡಿ. ಬಾಲ್ಡರ್ಸ್ ಗೇಟ್ 3ರಲ್ಲಿ ಎಫ್5 ಸೇವ್, ಎಫ್8 ಹಿಂದಿನ ಸೇವ್‌ಗೆ ಹೋಗುವುದು. ಎಫ್8ನ್ನು ಯಾವ ಸ್ವಿಚ್‌ಗೂ ಹಾಕಬೇಡಿ. ತಪ್ಪಿ ಒತ್ತಿದರೆ ಒಂದು ಗಂಟೆಯ ಆಟ ಮಣ್ಣುಪಾಲು.

ಎಲ್ಲರೂ ಸೋಲುವುದು ಸ್ವಿಚ್‌ನಲ್ಲಿ ಅಲ್ಲ, ಅದನ್ನು ನಿಲ್ಲಿಸುವುದರಲ್ಲಿ. ಅರ್ಧ ಸೆಂಟಿಮೀಟರ್ ಸರಿದರೆ ಸಾಕು, ಸ್ವಿಚ್ ಕೈಗೆ ಸಿಗುವುದಿಲ್ಲ. ತಲೆದಿಂಬಿಗೋ ಹಾಸಿಗೆಗೋ ಕಟ್ಟಬೇಡಿ, ಹಾಸಿಗೆ ಕುಗ್ಗುತ್ತಾ ಹೋಗುತ್ತದೆ. ಮಂಚದ ಕಟ್ಟಿಗೆ ಅಥವಾ ಗಾಲಿಕುರ್ಚಿಯ ಪೈಪಿಗೆ ಮುಕ್ಕಾಲು ಇಂಚಿನ ಪಿವಿಸಿ ಪೈಪನ್ನು ಕ್ಲಾಂಪಿನಿಂದ ಬಿಗಿದು, ಎಲ್ಬೋ ಹಾಕಿ ಬೇಕಾದ ಕಡೆಗೆ ತಿರುಗಿಸಿ. ಎಲ್ಬೋಗೆ ಗಮ್ ಹಾಕುವುದು ಒಂದು ವಾರ ಆಡಿದ ಮೇಲೆ. ಅಡಿಕೆ ಸಲಾಕೆಯೂ ಆಗುತ್ತದೆ, ಸಿಬಿರು ಏಳದಂತೆ ಉಜ್ಜಿ ಬಟ್ಟೆ ಸುತ್ತಬೇಕು. ಅಂಗ ಸುಮ್ಮನೆ ಇರುವ ಜಾಗದಿಂದ ಸ್ವಿಚ್ ಒಂದು ಸೆಂಟಿಮೀಟರ್ ದೂರ ಇರಲಿ. ತಾಗಿಕೊಂಡೇ ಇದ್ದರೆ ಉಸಿರಾಡಿದರೂ ಒತ್ತುತ್ತದೆ. ದೂರವಾದರೆ ನೂರು ಒತ್ತಿಗೆ ಭುಜ ಸೋಲುತ್ತದೆ.

ಸ್ಪರ್ಶ ಗೊತ್ತಾಗದ ಚರ್ಮಕ್ಕೆ ಸ್ವಿಚ್ ತಾಗುವ ಜಾಗವನ್ನು ಆಟ ಮುಗಿದ ಮೇಲೆ ಕಣ್ಣಾರೆ ನೋಡಬೇಕು. ಕೆಂಪು ಮಾಸದೇ ಉಳಿದರೆ ಜಾಗ ಬದಲಿಸಿ. ಗಾಲಿಕುರ್ಚಿಯಲ್ಲಿ ಕೂತು ಆಡುವವರು 15ರಿಂದ 30 ನಿಮಿಷಕ್ಕೊಮ್ಮೆ ಭಾರ ಬದಲಿಸಲು ಮೊಬೈಲಿನಲ್ಲಿ ಅಲಾರಂ ಇಡಲಿ, ಕಥೆಯ ನಡುವೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಎದೆಯ ಟಿ6 ಮಟ್ಟ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಆಡುತ್ತಾ ಇದ್ದಕ್ಕಿದ್ದಂತೆ ತಲೆ ಸಿಡಿದು ಮುಖ ಬೆವರಿದರೆ ಅದು ಆಟದ ದಣಿವಲ್ಲ. ಕೂಡಲೇ ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರದ ಚೀಲ ತುಂಬಿದೆಯೋ ನಳಿಗೆ ಮಡಚಿದೆಯೋ ನೋಡಿ. ಕಡಿಮೆಯಾಗದಿದ್ದರೆ ತಡಮಾಡದೆ ಆಸ್ಪತ್ರೆ. ಆಟಕ್ಕೆ ಕೂರುವ ಮೊದಲು ಚೀಲ ಖಾಲಿ ಮಾಡುವುದನ್ನು ರೂಢಿ ಮಾಡಿಕೊಳ್ಳಿ.

ಕೈ ಪೂರ್ತಿ ಇಲ್ಲದವರಿಗೆ ತಲೆಯಿಂದ ಮೌಸ್ ಓಡಿಸುವ ಈವಯಾಕ್ಯಾಮ್ ಉಚಿತ. ಲ್ಯಾಪ್‌ಟಾಪಿನ ಕ್ಯಾಮರಾ ಸಾಕು. ಗೂಗಲ್ 2023ರಲ್ಲಿ ಬಿಟ್ಟ ಪ್ರಾಜೆಕ್ಟ್ ಗೇಮ್‌ಫೇಸ್ ಹುಬ್ಬು ಎತ್ತುವುದು, ಬಾಯಿ ತೆರೆಯುವುದನ್ನೇ ಕ್ಲಿಕ್ ಮಾಡುತ್ತದೆ. ಎರಡಕ್ಕೂ ಬೆಳಕು ಮುಖದ ಎದುರಿನಿಂದ ಬೀಳಬೇಕು. ಹಿಂದೆ ಕಿಟಕಿ ಇದ್ದರೆ ಮುಖ ಕಪ್ಪಾಗಿ ಮೌಸಿನ ಬಾಣ ಅಡ್ಡಾದಿಡ್ಡಿ ಓಡುತ್ತದೆ. ಧ್ವನಿಗೆ ವಿಂಡೋಸ್ 11ರ ವಾಯ್ಸ್ ಆ್ಯಕ್ಸೆಸ್ ಇದೆ, ಕನ್ನಡ ಅದಕ್ಕೆ ಬಾರದು, ಇಂಗ್ಲಿಷ್ ಪದಗಳೇ ಬೇಕು. ತಗಡಿನ ಮಾಡಿನ ಮೇಲೆ ಆಟಿಯ ಮಳೆ ಹೊಡೆಯುವಾಗ ಲ್ಯಾಪ್‌ಟಾಪಿನ ಮೈಕಿಗೆ ಏನೂ ಕೇಳಿಸುವುದಿಲ್ಲ, ಬಾಯಿಯ ಹತ್ತಿರಕ್ಕೆ ಬರುವ ಹೆಡ್‌ಸೆಟ್ ಮೈಕ್ ಬೇಕು.

ಮಳೆಗಾಲ

ನಮ್ಮ ಕರಾವಳಿಯ ತೇವ ಅಗ್ಗದ ಸ್ವಿಚ್‌ಗಳ ಒಳಗೆ ಕಿಲುಬು ಹಿಡಿಸುತ್ತದೆ. ಲಕ್ಷಣ ಇಷ್ಟೆ: ಮೂರು ಸಲ ಒತ್ತಿದರೆ ಎರಡು ಸಲ ಹೋಗುತ್ತದೆ. ಆಡುವವರ ಬಲ ಕುಂದಿತೆಂದು ಮನೆಯವರು ಅಂದುಕೊಳ್ಳುತ್ತಾರೆ. ಮೊದಲು ಸ್ವಿಚ್ ಬದಲಿಸಿ ನೋಡಿ, ಆಮೇಲೆ ಕೈಯನ್ನು ಅನುಮಾನಿಸಿ. ವಯರ್ ಸುತ್ತಿ ಬಿಡುವ ಬದಲು ಸೋಲ್ಡರ್ ಮಾಡಿ ಮೇಲೆ ಹೀಟ್ ಶ್ರಿಂಕ್ ಕೊಳವೆ ಹಾಕಿಸಿ. ಟ್ರ್ಯಾಕ್‌ಬಾಲಿನ ಚೆಂಡನ್ನು ವಾರಕ್ಕೊಮ್ಮೆ ಹೊರಗೆ ತೆಗೆದು, ಅದು ಕೂರುವ ಮೂರು ಸಣ್ಣ ಗುಂಡುಗಳ ಮೇಲೆ ಕಟ್ಟಿದ ಬೂದು ಪಸೆಯನ್ನು ಬಡ್ಸ್‌ನಿಂದ ಒರೆಸಿ. ಆ ಪಸೆ ಇದ್ದರೆ ಚೆಂಡು ಬಿಗಿಯಾಗುತ್ತದೆ. ಗಟ್ಟಿ ಕೈಯವರಿಗೆ ಇದು ತಿಳಿಯುವುದಿಲ್ಲ, ಅಂಗೈ ಅಂಚಿನಿಂದ ಉರುಳಿಸುವವರಿಗೆ ಕೂಡಲೇ ತಿಳಿಯುತ್ತದೆ.

ಡೆಸ್ಕ್‌ಟಾಪಿಗಿಂತ ಲ್ಯಾಪ್‌ಟಾಪ್ ವಾಸಿ, ಕರೆಂಟ್ ಹೋದರೂ ಸೇವ್ ಮಾಡಲು ಹೊತ್ತು ಸಿಗುತ್ತದೆ. ಡೆಸ್ಕ್‌ಟಾಪೇ ಆದರೆ ಇನ್ವರ್ಟರಿನ ಹಿಂದಿನ ಸ್ವಿಚ್ ಯುಪಿಎಸ್ ಎಂಬ ಕಡೆಗೆ ಇದೆಯೇ ನೋಡಿ. ಇನ್ನೊಂದು ಕಡೆಗಿದ್ದರೆ ಫ್ಯಾನ್ ನಿಲ್ಲುವುದಿಲ್ಲ, ಕಂಪ್ಯೂಟರ್ ಮಾತ್ರ ನಿಂತು ಶುರುವಾಗುತ್ತದೆ. ಬಾಲ್ಡರ್ಸ್ ಗೇಟ್ 3 ತಾನಾಗಿ ಸೇವ್ ಮಾಡುವುದು ಅಪರೂಪ, ಯುದ್ಧಕ್ಕೆ ಮೊದಲು ಕೈಯಾರೆ ಮಾಡಿ. ತುಲಾ ಮಳೆಯ ಸಂಜೆ ಗುಡುಗು ಕೇಳಿದರೆ ಪ್ಲಗ್ಗೂ ಇಂಟರ್ನೆಟ್ಟಿನ ವಯರೂ ಎರಡನ್ನೂ ಕೀಳಬೇಕು. ಬಗ್ಗಲು ಆಗದವರು ಆಡುವ ಕೋಣೆಯಲ್ಲಿ ಪ್ಲಗ್ ಸೊಂಟದ ಎತ್ತರಕ್ಕೆ ಇರುವಂತೆ ಬೋರ್ಡ್ ಹಾಕಿಸಿ.

ವಿಂಡೋಸ್‌ಗೆ ಎಷ್ಟು ಮೌಸ್, ಎಷ್ಟು ಕೀಬೋರ್ಡ್ ಸಿಕ್ಕಿಸಿದರೂ ಎಲ್ಲವೂ ಒಟ್ಟಿಗೆ ನಡೆಯುತ್ತವೆ. ಹಾಗಾಗಿ ತಮ್ಮನೋ ಅಕ್ಕನೋ ಪಕ್ಕದಲ್ಲಿ ಎರಡನೇ ಮೌಸ್ ಹಿಡಿದು ಕೂರಬಹುದು. ಚೀಲದ ಸಾಮಾನು ಎಳೆದು ಜೋಡಿಸುವುದು, ಕ್ಯಾಮರಾ ತಿರುಗಿಸುವುದು ಅವರಿಗೆ; ಮಾತಿನ ಆಯ್ಕೆ, ಯಾರ ಮೇಲೆ ಬೀಳಬೇಕು ಎಂಬುದು ಆಡುವವರಿಗೆ. ‘ಎಡಗಡೆಯ ಬಾಗಿಲಾ ಬಲಗಡೆಯದ್ದಾ ಅಣ್ಣ?’ ಎಂದು ಕೇಳಿ, ಉತ್ತರ ಬರುವವರೆಗೆ ಕೈ ತಡೆಯಬೇಕು, ಉತ್ತರಕ್ಕೆ ಎರಡು ನಿಮಿಷ ಹಿಡಿದರೂ. ಕೆಲಸ ಇಲ್ಲದಾಗ ಎರಡನೇ ಮೌಸನ್ನು ಮೇಜಿನಿಂದ ಎತ್ತಿ ಬೇರೆ ಕಡೆ ಇಡಿ. ಯಾರದೋ ಕೈ ತಾಗಿ ಬಾಣ ಸರಿದರೆ ಅದನ್ನು ಮತ್ತೆ ಗುರಿಯ ಮೇಲೆ ತರಲು ಆಡುವವರಿಗೆ ಇಪ್ಪತ್ತು ಒತ್ತು ಬೇಕಾಗುತ್ತದೆ.